ಸ್ಕೀ: ಬಾಳಿಕೆ ಮತ್ತು ಸವೆತದ ಇತಿಹಾಸ

ಹಿಮದ ಮೇಲೆ ಜಾರುತ್ತ ಸಾಗಲು ಕಾಲಿಗೆ ಬಿಗಿದುಕೊಳ್ಳುವ, ಮೂತಿ ಮೇಲೆದ್ದ ಉದ್ದನೆಯ ಹಲಗೆಯೇ ಸ್ಕೀ. ಸಾವಿರಾರು ವರ್ಷ ಅದು ಒಂದೇ ಮರದ ತುಂಡಾಗಿತ್ತು. ಇಂದು ಮರ, ಗಾಜಿನ ನಾರು, ಅಲ್ಯೂಮಿನಿಯಂ, ಉಕ್ಕು, ಪ್ಲಾಸ್ಟಿಕ್ ಇವುಗಳನ್ನು ರಾಳದಿಂದ ಅಂಟಿಸಿ ಒತ್ತಿದ ಪದರಗಳ ವಸ್ತುವಾಗಿದೆ. ಒಂದು ಜೊತೆ ಸ್ಕೀ ಎಷ್ಟು ಕಾಲ ಬಾಳುತ್ತದೆ ಎಂಬ ಪ್ರಶ್ನೆಗೆ ಪ್ರತಿ ಕಾಲವೂ ಬೇರೆ ಉತ್ತರ ಕೊಟ್ಟಿದೆ. ಏಕೆಂದರೆ ಮೊದಲು ಕೆಡುವ ಭಾಗ ಪ್ರತಿ ಕಾಲದಲ್ಲೂ ಬೇರೆಯಾಗಿತ್ತು. ಒಂದು ದೌರ್ಬಲ್ಯಕ್ಕೆ ಮದ್ದು ಸಿಕ್ಕ ಕೂಡಲೇ ಸವೆತ ಪಕ್ಕದ ಭಾಗಕ್ಕೆ ಸರಿದಿದೆ. ಸ್ಕೀ ತಯಾರಿಕೆಯ ದೊಡ್ಡ ಬದಲಾವಣೆಗಳೆಲ್ಲ ಹೀಗೆ ಬಂದವು.

ಸ್ವೀಡನ್ನಿನ ಕಾಲ್ವ್‌ಟ್ರಾಸ್ಕ್ ಎಂಬಲ್ಲಿ 1924ರಲ್ಲಿ ಸಿಕ್ಕ ಸ್ಕೀ ಸುಮಾರು 5,200 ವರ್ಷ ಹಳೆಯದು. ಅಷ್ಟು ಕಾಲ ಉಳಿದದ್ದು ಜೌಗುನೆಲದ ಕೃಪೆಯಿಂದ. ಸವೆತದ ದೃಷ್ಟಿಯಿಂದ ಅದಕ್ಕಿಂತ ಹೆಚ್ಚು ಹೇಳುವುದು ನಾರ್ವೆಯ ಡಿಗರ್‌ವಾರ್ಡನ್ ಬೆಟ್ಟದ ಸ್ಕೀ ಜೋಡಿ. ಮಂಜುಗಡ್ಡೆ ಕರಗಿದಾಗ ಒಂದು ಸ್ಕೀ 2014ರಲ್ಲಿ ಹೊರಬಂತು, ಇನ್ನೊಂದು ಏಳು ವರ್ಷದ ಮೇಲೆ 2021ರಲ್ಲಿ ಅಲ್ಲೇ ಹತ್ತಿರದಲ್ಲಿ ಸಿಕ್ಕಿತು. ಸುಮಾರು 1,300 ವರ್ಷ ಹಳೆಯ ಇವುಗಳಲ್ಲಿ ಕಾಲು ಕಟ್ಟುವ ಬರ್ಚ್ ಬಳ್ಳಿಯೂ ಚರ್ಮದ ಪಟ್ಟಿಯೂ ಉಳಿದಿವೆ. ಎರಡೂ ಹಲಗೆಗಳು ಬಳಸಿ ಸವೆದವು, ದುರಸ್ತಿ ಕಂಡವು. ಅಳತೆಯಲ್ಲಿ ಒಂದಕ್ಕೊಂದು ಪೂರ್ತಿ ಹೊಂದುವುದೂ ಇಲ್ಲ. ಒಂದು ಹಾಳಾದಾಗ ಅದೊಂದನ್ನೇ ಬದಲಿಸಿ, ಪಾದ ಊರುವ ಜಾಗ ಸೀಳಿದಾಗ ಅದನ್ನೇ ಸರಿಪಡಿಸಿಕೊಂಡು ಬದುಕಿದ ಜನರ ಗುರುತು ಇದು. ಮಧ್ಯ ಏಷ್ಯಾದ ಆಲ್ತಾಯ್ ಸೀಮೆಯಲ್ಲಿ ಸ್ಕೀಯ ತಳಕ್ಕೆ ಕುದುರೆಯ ಚರ್ಮ ಹೊದಿಸುವ ಪದ್ಧತಿ ಇಂದಿಗೂ ಇದೆ. ಕೂದಲು ಹಿಂದಕ್ಕೆ ಮಲಗಿರುವುದರಿಂದ ಇಳಿಜಾರಿನಲ್ಲಿ ಜಾರುತ್ತದೆ, ಏರಿನಲ್ಲಿ ಕಚ್ಚಿ ಹಿಡಿಯುತ್ತದೆ. ಸವೆಯುವುದು ಚರ್ಮ; ಹಲಗೆ ಉಳಿಯುತ್ತದೆ, ಚರ್ಮ ಬದಲಾಗುತ್ತದೆ. ಸವೆಯಬೇಕಾದ ಭಾಗವನ್ನು ಬೇರ್ಪಡಿಸಿ ಇಡುವ ಈ ಜಾಣ್ಮೆಗೆ ಕಾರ್ಖಾನೆಯ ಸ್ಕೀಗಳು ಇನ್ನೂ ಪೂರ್ತಿ ಮರಳಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ನಾರ್ವೆಯ ಟೆಲೆಮಾರ್ಕ್ ಜಿಲ್ಲೆಯ ಸೊಂಡ್ರೆ ನೂರ್‌ಹೈಮ್ (1825–1897) ನಡು ಸಣ್ಣಗಿರುವ ಸ್ಕೀಯನ್ನೂ ಹಿಮ್ಮಡಿ ಬಿಗಿಯುವ ಪಟ್ಟಿಯನ್ನೂ ಜನಪ್ರಿಯಗೊಳಿಸಿದ. ಹಲಗೆಯನ್ನು ತಿರುಗಿಸುವುದು ಸುಲಭವಾಯಿತು, ಅದರೊಡನೆ ತಿರುಚುವ ಬಲವೂ ಹೆಚ್ಚಿತು. ಪೈನ್, ಬರ್ಚ್, ಆಶ್ ಮರಗಳ ಮೃದು ತಳ ಬೇಗ ಸವೆಯುತ್ತಿತ್ತು. ನೀರು ಹೀರಿ ಭಾರವಾಗಿ, ಒಣಗುವಾಗ ಸೊಟ್ಟಗಾಗುತ್ತಿತ್ತು. ಪೈನ್ ಮರದಿಂದ ಇಳಿಸಿದ ಟಾರನ್ನು ಬಿಸಿ ಮಾಡಿ ತಳಕ್ಕೆ ಕುಡಿಸುವುದು ವರ್ಷವರ್ಷದ ಕೆಲಸ. 1880ರ ದಶಕದಿಂದ ಅಮೆರಿಕದ ಹಿಕರಿ ಮರ ನಾರ್ವೆಗೆ ಬರತೊಡಗಿತು. ಅದು ಎಷ್ಟು ಗಟ್ಟಿ ಎಂದರೆ ಕೈ ಉಪಕರಣಗಳಿಂದ ಕೆತ್ತುವುದೇ ಕಷ್ಟ. ತಳ ಬಾಳಿತು, ಹಲಗೆಯನ್ನು ತೆಳುವಾಗಿಸಲೂ ಸಾಧ್ಯವಾಯಿತು. ಆದರೆ ಹಿಕರಿ ಭಾರ, ಬೆಲೆಯೂ ಹೆಚ್ಚು.

ತಳಕ್ಕೆ ಮಾತ್ರ ಹಿಕರಿ, ಮೇಲೆ ಹಗುರ ಮರ ಎಂಬ ಯೋಚನೆ 1890ರ ದಶಕದಲ್ಲೇ ಮೂಡಿತ್ತು. ಅಂಟು ಕೈಕೊಟ್ಟಿತು. ಪ್ರಾಣಿಜನ್ಯ ಅಂಟು ಒದ್ದೆಯಾದರೆ ಬಿಡುತ್ತದೆ, ಸ್ಕೀ ಇರುವುದೇ ಒದ್ದೆಯಲ್ಲಿ. ನೀರಿಗೆ ಜಗ್ಗದ ಅಂಟುಗಳು ಬಂದ ಮೇಲೆ, 1930ರ ದಶಕದಲ್ಲಿ, ನಾರ್ವೆಯ ಸ್ಪ್ಲಿಟ್‌ಕೈನ್ ಮಾದರಿಯ ಪಟ್ಟಿಪಟ್ಟಿಯಾಗಿ ಅಂಟಿಸಿದ ಸ್ಕೀಗಳು ನಿಂತವು. ಒಂದೇ ತುಂಡಿನ ಹಲಗೆ ತನ್ನ ಎಳೆಗೆ ತಕ್ಕಂತೆ ತಿರುಚಿಕೊಳ್ಳುತ್ತದೆ; ಅಂಟಿಸಿದ ಪಟ್ಟಿಗಳು ಒಂದನ್ನೊಂದು ತಡೆದು ಆಕಾರ ಉಳಿಸಿಕೊಳ್ಳುತ್ತವೆ. ಬೇಸಿಗೆಯಲ್ಲಿ ಜೋಡಿ ಸ್ಕೀಗಳನ್ನು ನಡುವೆ ಕಟ್ಟಿಗೆ ಸಿಕ್ಕಿಸಿ ಬಿಗಿದಿಡುವ ಹಳೆಯ ಅಭ್ಯಾಸ ಇದರಿಂದ ಮೆಲ್ಲಗೆ ಕಡಿಮೆಯಾಯಿತು.

ಆ ವೇಳೆಗೆ ಇನ್ನೊಂದು ಕಡೆ ತೊಂದರೆ ಬೆಳೆದಿತ್ತು. ಆಲ್ಪ್ಸ್‌ನ ಕಡಿದಾದ, ಗಡುಸು ಹಿಮದಲ್ಲಿ ಮರದ ಅಂಚು ಕೆಲವೇ ದಿನಗಳಲ್ಲಿ ದುಂಡಗಾಗುತ್ತಿತ್ತು. ದುಂಡಗಾದ ಅಂಚು ಮಂಜುಗಡ್ಡೆಯನ್ನು ಹಿಡಿಯದು. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಕಡೆಯ ಪರ್ವತಾರೋಹಿ ರುಡಾಲ್ಫ್ ಲೆಟ್ನರ್ ಉಕ್ಕಿನ ಅಂಚಿಗೆ 1926ರಲ್ಲಿ ಪೇಟೆಂಟ್ ಪಡೆದ. ಚಿಕ್ಕಚಿಕ್ಕ ಉಕ್ಕಿನ ಪಟ್ಟಿಗಳನ್ನು ಸಾಲಾಗಿ ಮರಕ್ಕೆ ಸ್ಕ್ರೂ ಹಾಕಿ ಕೂರಿಸಿದ ಅಂಚು ಅದು. ಪಟ್ಟಿಗಳನ್ನು ತುಂಡು ಮಾಡಿದ್ದಕ್ಕೆ ಕಾರಣ ಇತ್ತು: ಸ್ಕೀ ಬಾಗುತ್ತದೆ, ಅಖಂಡ ಉಕ್ಕು ಅದರೊಡನೆ ಸುಲಭವಾಗಿ ಬಾಗದು. ಹಿಡಿತ ಸಿಕ್ಕಿತು, ಆದರೆ ಸ್ಕ್ರೂಗಳು ಸಡಿಲಾಗುತ್ತಿದ್ದವು, ಪಟ್ಟಿಗಳು ಕಲ್ಲಿಗೆ ತಾಗಿ ಕಿತ್ತು ಹೋಗುತ್ತಿದ್ದವು, ತೂತುಗಳಿಗೆ ನೀರು ಇಳಿದು ಮರ ಕೊಳೆಯುತ್ತಿತ್ತು. ಬಿಡಿ ಪಟ್ಟಿಗಳನ್ನೂ ಸ್ಕ್ರೂಗಳನ್ನೂ ಚೀಲದಲ್ಲಿ ಇಟ್ಟುಕೊಂಡೇ ಬೆಟ್ಟ ಏರಬೇಕಿತ್ತು.

ಅಮೆರಿಕದ ವಿಮಾನ ತಯಾರಿಕೆಯಲ್ಲಿ ಎಂಜಿನಿಯರಾಗಿದ್ದ ಹೊವರ್ಡ್ ಹೆಡ್ 1947ರಲ್ಲಿ ಮರದ ಸ್ಕೀಗಳ ಭಾರಕ್ಕೆ ಬೇಸತ್ತು ಅಲ್ಯೂಮಿನಿಯಂ ಸ್ಕೀ ಮಾಡಹೊರಟ. ಮೊದಲ ಮಾದರಿಗಳನ್ನು ಶಿಕ್ಷಕರು ಬಾಗಿಸಿ ನೋಡುವಷ್ಟರಲ್ಲೇ ಮುರಿದವು. ಮಾಡಿ ಕಳಿಸುವುದು, ಮುರಿಸುವುದು, ಮುರಿದ ಜಾಗ ನೋಡಿ ಮತ್ತೆ ಮಾಡುವುದು, ಹೀಗೆ ಮೂರು ವರ್ಷ ನಡೆಯಿತು. 1950ರ ಹೆಡ್ ಸ್ಟ್ಯಾಂಡರ್ಡ್‌ನಲ್ಲಿ ಪ್ಲೈವುಡ್ ತಿರುಳು, ಮೇಲೆ ಕೆಳಗೆ ಅಲ್ಯೂಮಿನಿಯಂ ಹಾಳೆ, ಪ್ಲಾಸ್ಟಿಕ್ ತಳ, ಉಕ್ಕಿನ ಅಂಚು ಎಲ್ಲ ಒಟ್ಟಾಗಿ ಬೆಸೆದಿದ್ದವು. ಸ್ಕೀಯ ಬಾಳಿಕೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಇಲ್ಲ ಎಂದೇ ಹೇಳಬೇಕು. ಸೊಟ್ಟಗಾಗುವ, ಕೊಳೆಯುವ, ಸ್ಕ್ರೂ ಕಿತ್ತುಬರುವ ಕಷ್ಟಗಳು ಒಟ್ಟಿಗೇ ತಗ್ಗಿದವು. ಬಂದ ಹೊಸ ಕಷ್ಟ ಲೋಹದ ಗುಣದ್ದು: ಗುಂಡಿಗೆ ಮೂತಿ ಹೊಕ್ಕು ಒಮ್ಮೆ ಮಿತಿಮೀರಿ ಬಾಗಿದ ಹಾಳೆ ಮರಳಿ ನೆಟ್ಟಗಾಗದು. 1960ರ ದಶಕದಲ್ಲಿ ಗಾಜಿನ ನಾರಿನ ಸ್ಕೀಗಳು ಗೆದ್ದದ್ದಕ್ಕೆ ಇದೂ ಒಂದು ಕಾರಣ. ನಾರು ಬಾಗಿ ಮತ್ತೆ ತನ್ನ ಆಕಾರಕ್ಕೆ ಬರುತ್ತದೆ. ಇಂದು ಎರಡನ್ನೂ ಕೂಡಿಸುತ್ತಾರೆ.

ತಳದ ಕಥೆ ಬೇರೆ. 1950ರ ದಶಕದ ನಡುವೆ ಆಸ್ಟ್ರಿಯಾದ ಕೋಫಿಕ್ಸ್, ಅದರ ಬೆನ್ನಲ್ಲೇ ಸ್ವಿಟ್ಜರ್ಲೆಂಡಿನ ಪಿ-ಟೆಕ್ಸ್ ಎಂಬ ಪಾಲಿಥಿಲೀನ್ ತಳಗಳು ಬಂದು, ಅರಗು ಬಳಿದ ಮರದ ತಳಗಳನ್ನು ಬದಿಗೆ ಸರಿಸಿದವು. ಪಾಲಿಥಿಲೀನ್ ಜಾರುತ್ತದೆ, ಮೇಣ ಹಿಡಿದಿಟ್ಟುಕೊಳ್ಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಗೀರಿದರೆ ಅದೇ ಪ್ಲಾಸ್ಟಿಕ್ಕಿನ ಕಡ್ಡಿ ಹೊತ್ತಿಸಿ, ಕರಗಿದ ಹನಿ ಬಿಟ್ಟು, ಕೆರೆದು ಸಮ ಮಾಡಬಹುದು. ಇಂದಿನ ತಳದ ದಪ್ಪ ಒಂದೂವರೆ ಮಿಲಿಮೀಟರಿನ ಆಸುಪಾಸು. ಬದಿಯ ಉಕ್ಕಿನ ಅಂಚೂ ಸುಮಾರು ಎರಡು ಮಿಲಿಮೀಟರ್ ಅಷ್ಟೆ. ಸ್ಕೀಯ ಆಯುಸ್ಸು ಈ ಎರಡು ಸಣ್ಣ ಅಳತೆಗಳೊಳಗೆ ಇದೆ. ಸಾಣೆ ಹಿಡಿದಷ್ಟೂ ಮೆಟ್ಟುಗತ್ತಿಯ ಅಲಗು ಸಣ್ಣದಾಗುವಂತೆ, ಹರಿತ ಮಾಡಿದಷ್ಟೂ ಅಂಚು ಕರಗುತ್ತದೆ. ತಳವನ್ನು ಕಲ್ಲಿನ ಯಂತ್ರಕ್ಕೆ ಕೊಟ್ಟಷ್ಟೂ ಪ್ಲಾಸ್ಟಿಕ್ ತೆಳುವಾಗುತ್ತದೆ. ಹಾಗಾಗಿ ಆರೈಕೆ ಅತಿಯಾದರೂ ಸ್ಕೀ ಸವೆಯುತ್ತದೆ. ಅನುಭವಿ ದುರಸ್ತಿಗಾರರು ಯಂತ್ರವನ್ನು ಋತುವಿಗೊಮ್ಮೆ ಬಳಸಿ, ಉಳಿದಂತೆ ಕೈಯಲ್ಲೇ ವಜ್ರದ ಅರದಿಂದ ಅಂಚಿನ ಒರಟು ತೆಗೆಯುತ್ತಾರೆ.

ಒಳಗೆ ನಡೆಯುವ ಸವೆತ ಕಣ್ಣಿಗೆ ಕಾಣದು. ಹೊಸ ಸ್ಕೀಗಳ ತಳಗಳನ್ನು ಒಂದಕ್ಕೊಂದು ಇಟ್ಟರೆ ನಡುವೆ ಕಮಾನಿನಂತೆ ಸಂದು ಉಳಿಯುತ್ತದೆ. ಸಾವಿರಾರು ಸಲ ಬಾಗಿ ನಾರಿನಲ್ಲೂ ರಾಳದಲ್ಲೂ ಸೂಕ್ಷ್ಮ ಬಿರುಕು ಬಂದ ಮೇಲೆ ಆ ಸಂದು ಕಿರಿದಾಗುತ್ತದೆ. ಸವಾರನಿಗೆ ಹಲಗೆ ಸತ್ತಂತೆ ಅನ್ನಿಸುತ್ತದೆ. ಭಾರಿ ಮೈಯವರು, ವೇಗದವರು, ಉಬ್ಬುತಗ್ಗಿನಲ್ಲಿ ನೆಗೆಯುವವರು ಇದನ್ನು ಬೇಗ ಕಾಣುತ್ತಾರೆ. ಇಳಿಜಾರಿನ ಸ್ಕೀಗೆ ಹಿಮದ ಮೇಲೆ 100ರಿಂದ 200 ದಿನ ಎಂಬ ಅಂದಾಜು ಬಳಕೆಯಲ್ಲಿದೆ. ವರ್ಷಕ್ಕೆ ಒಂದು ವಾರ ಹೋಗುವವನಿಗೆ ಅದು ಹದಿನೈದು ವರ್ಷ ದಾಟಬಹುದು, ನಿತ್ಯ ಕಲಿಸುವವನಿಗೆ ಎರಡೇ ಚಳಿಗಾಲ. ಇದಕ್ಕೂ ಮೊದಲೇ ಸ್ಕೀಯನ್ನು ಮುಗಿಸುವುದು ಕಲ್ಲು. ತಳ ಸೀಳಿ ಮರದ ತಿರುಳು ಕಂಡರೆ ನೀರು ಒಳಸೇರುತ್ತದೆ; ನೀರು ಹೆಪ್ಪುಗಟ್ಟಿ ಹಿಗ್ಗಿ ಪದರಗಳನ್ನು ಬಿಡಿಸುತ್ತದೆ. ಆ ಗಾಯವನ್ನು ಅದೇ ಸಂಜೆ ಒಣಗಿಸಿ ಮುಚ್ಚಿದರೆ ಸ್ಕೀ ಇನ್ನೂ ವರ್ಷಗಟ್ಟಲೆ ಬಾಳುತ್ತದೆ, ಬಿಟ್ಟರೆ ಅದೇ ಋತುವಿನಲ್ಲಿ ಹೋಗುತ್ತದೆ.

ಹಲಗೆಗಿಂತ ಗಂಭೀರವಾದದ್ದು ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಟ್ಟು ಬಿದ್ದಾಗ ಬಿಡಿಸುವ ಸಾಧನ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಯಾಲ್ಮರ್ ವಾಮ್, ತನ್ನ ಕಾಲು ಮುರಿದ ಮೇಲೆ, 1930ರ ದಶಕದ ಕೊನೆಯಲ್ಲಿ ಬಿಡುಗಡೆಯಾಗುವ ಬೈಂಡಿಂಗ್ ರೂಪಿಸಿದ. ಅದರ ಸ್ಪ್ರಿಂಗು ದಣಿಯುತ್ತದೆ, ಗ್ರೀಸು ಒಣಗುತ್ತದೆ, ಪ್ಲಾಸ್ಟಿಕ್ಕು ಪೆಡಸಾಗುತ್ತದೆ. ಬೂಟು ತೊಟ್ಟು ಟಾರು ರಸ್ತೆಯಲ್ಲಿ ನಡೆದರೆ ಅದರ ಮೂತಿ, ಹಿಮ್ಮಡಿ ಸವೆದು ಬೈಂಡಿಂಗ್ ಬಿಡುವ ಬಲವೇ ಬದಲಾಗುತ್ತದೆ. ಬೂಟಿನ ಪಾಲಿಯುರಿಥೇನ್ ತೇವದಿಂದ ಒಳಗೇ ಕೆಡುತ್ತ ಬಂದು ಒಂದು ದಿನ ಹಠಾತ್ತಾಗಿ ಒಡೆಯಬಹುದು. ತಯಾರಕರು ಹಳೆಯ ಬೈಂಡಿಂಗ್ ಮಾದರಿಗಳ ಹೊಣೆಯನ್ನು ಒಂದು ಅವಧಿಯ ನಂತರ ಕೈಬಿಡುತ್ತಾರೆ. ಆಮೇಲೆ ಅಧಿಕೃತ ಅಂಗಡಿಗಳು ಅವುಗಳನ್ನು ಹೊಂದಿಸಿಕೊಡುವುದಿಲ್ಲ. ಹಲಗೆ ಚೆನ್ನಾಗಿಯೇ ಇದ್ದರೂ ಜೊತೆಯನ್ನು ಬದಿಗಿಡಬೇಕಾದ ಸಂದರ್ಭ ಬರುವುದು ಹೀಗೆ. ಸವೆದ ತಳ ಮಜಾ ಕಡಿಮೆ ಮಾಡುತ್ತದೆ, ಸವೆದ ಬೈಂಡಿಂಗ್ ಮೊಣಕಾಲು ಮುರಿಯುತ್ತದೆ. ಕೊಳ್ಳುವವರು ಹಳೆಯ ಸ್ಕೀಯಲ್ಲಿ ಮೊದಲು ಪರೀಕ್ಷಿಸಬೇಕಾದ್ದು ಇದನ್ನೇ.

ಭಾರತದಲ್ಲಿ ಸ್ಕೀ ಬ್ರಿಟಿಷರೊಡನೆ ಬಂತು. ಗುಲ್ಮಾರ್ಗ್‌ನಲ್ಲಿ 1927ರಲ್ಲಿ ಅವರು ಸ್ಕೀ ಕ್ಲಬ್ ಕಟ್ಟಿದ್ದರು. 1948ರಲ್ಲಿ ಅಲ್ಲೇ ಸೇನೆಯ ಸ್ಕೀ ಶಾಲೆ ಶುರುವಾಗಿ ಮುಂದೆ ಎತ್ತರ ಪ್ರದೇಶದ ಯುದ್ಧ ತರಬೇತಿ ಶಾಲೆಯಾಗಿ ಬೆಳೆಯಿತು. 1960ರ ದಶಕದ ಕೊನೆಗೆ ಕೇಂದ್ರ ಸರ್ಕಾರದ ಸ್ಕೀ ಮತ್ತು ಪರ್ವತಾರೋಹಣ ಸಂಸ್ಥೆ ಬಂತು; ಗೊಂಡೋಲಾ ಎಂಬ ತೂಗುಬಂಡಿ 1998ರಲ್ಲಿ ಮೊದಲ ಹಂತವನ್ನೂ 2005ರಲ್ಲಿ ಅಫರ್ವತ್ ಏರಿನ ಎರಡನೆಯ ಹಂತವನ್ನೂ ಮುಟ್ಟಿತು. ಉತ್ತರಾಖಂಡದ ಔಲಿ, ಹಿಮಾಚಲದ ಸೋಲಂಗ್ ಇತರ ಮುಖ್ಯ ನೆಲೆಗಳು. ಇಲ್ಲಿ ಸ್ಕೀಗೆ ಮೊದಲ ಶತ್ರು ತೆಳು ಹಿಮ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬಹುಮಟ್ಟಿಗೆ ಬರಿದಾಗಿತ್ತು. 2025ರ ಫೆಬ್ರುವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಹಿಮದ ಸ್ಪರ್ಧೆಗಳು ಹಿಮವಿಲ್ಲದೆ ಮಾರ್ಚ್‌ಗೆ ಹೋದವು. ಹಿಮ ತೆಳುವಾದಾಗ ಕಲ್ಲು ಮೇಲೇಳುತ್ತದೆ, ಒಂದು ಋತುವಿನ ಸವೆತ ಒಂದು ವಾರದಲ್ಲಾಗುತ್ತದೆ.

ಅಹಮದಾಬಾದಿನ ಬೋಡಕ್‌ದೇವ್ ಇರಲಿ, ಬೆಂಗಳೂರಿನ ಜಯನಗರ ಇರಲಿ, ಚಳಿಗಾಲದ ರಜೆಯಲ್ಲಿ ಮನಾಲಿಗೆ ಹೋಗುವ ಕುಟುಂಬ ತೊಡುವುದು ಬಾಡಿಗೆಯ ಸ್ಕೀ. ಒಂದೇ ದಿನದಲ್ಲಿ ಹಲವರ ಕಾಲಿಗೆ ಹೋಗುವ ಈ ಹಲಗೆಗಳ ಸವೆತವೇ ಬೇರೆ: ಕಲಿಯುವವರು ಒಂದರ ಮೇಲೊಂದು ಸ್ಕೀ ಇಟ್ಟು ಮೇಲ್ಪದರ ಕೊಯ್ಯುತ್ತಾರೆ, ಹಿಮ ಮುಗಿದಲ್ಲಿ ಜಲ್ಲಿಯ ಮೇಲೆ ನಡೆಯುತ್ತಾರೆ, ಸಂಜೆ ಒದ್ದೆ ಸ್ಕೀಗಳನ್ನು ರಾಶಿ ಹಾಕಿದರೆ ಅಂಚು ರಾತ್ರಿಯೊಳಗೆ ತುಕ್ಕು ಹಿಡಿಯುತ್ತದೆ. ಬಾಡಿಗೆಗೆ ತೆಗೆದುಕೊಳ್ಳುವಾಗ ಅಂಗಡಿಯವರು ತೂಕ, ಎತ್ತರ, ಅನುಭವ ಕೇಳಿ ಬೈಂಡಿಂಗ್ ಹೊಂದಿಸುತ್ತಾರೆಯೇ ಎಂದು ನೋಡಬೇಕು. ಕೇಳದೆ ಕೊಟ್ಟರೆ ಬೇರೆ ಅಂಗಡಿಗೆ ಹೋಗುವುದು ಒಳ್ಳೆಯದು.

ಸ್ವಂತ ಸ್ಕೀ ಕೊಂಡು ಬಯಲುಸೀಮೆಗೆ ತಂದವರ ತೊಂದರೆ ಬೇಸಿಗೆಯದು. ಅಹಮದಾಬಾದಿನಲ್ಲಿ 2016ರ ಮೇ 20ರಂದು 48 ಡಿಗ್ರಿ ದಾಖಲಾಯಿತು. ಬಿಸಿಲಿಗೆ ನಿಂತ ಕಾರಿನ ಒಳಗೆ, ತಗಡಿನ ಮಾಡಿನ ಕೆಳಗೆ ಅದಕ್ಕೂ ಮೀರಿದ ಕಾವಿರುತ್ತದೆ. ಅಷ್ಟು ಕಾವಿನಲ್ಲಿ ಮೇಣ ಕರಗಿ ಇಳಿಯುತ್ತದೆ, ಅಂಟಿನ ಬಿಗಿ ಸಡಿಲಾಗಬಹುದು, ಒರಗಿಸಿಟ್ಟ ಹಲಗೆ ಬಾಗಿದ ಹಾಗೇ ಕೂರಬಹುದು. ಸೂರತ್ ಮತ್ತು ಮಂಗಳೂರಿನಲ್ಲಿ ಉಪ್ಪುಗಾಳಿ, ಮಡಿಕೇರಿಯಲ್ಲಿ ತಿಂಗಳುಗಟ್ಟಲೆ ಮಳೆಯ ತೇವ ಅಂಚನ್ನೂ ಸ್ಪ್ರಿಂಗನ್ನೂ ತಿನ್ನುತ್ತದೆ. ಚೆನ್ನಾಗಿ ಒರೆಸಿ, ತಳಕ್ಕೂ ಅಂಚಿಗೂ ದಪ್ಪ ಮೇಣ ಬಳಿದು ಕೆರೆಯದೆ ಬಿಟ್ಟು, ಮನೆಯ ತಂಪು ಕೋಣೆಯಲ್ಲಿ, ನೆಲಕ್ಕೆ ತಾಗದಂತೆ ಇಡುವುದೇ ಪರಿಹಾರ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ತೇವ ಒಳಗೇ ಉಳಿಯುತ್ತದೆ.

ಕನ್ನಡ ನಾಡಿನಿಂದ ಸ್ಕೀಗೆ ಬಂದವರಲ್ಲಿ ಹೆಸರಾದವರು ಕೊಡಗಿನ ಭವಾನಿ ತೆಕ್ಕಡ ನಂಜುಂಡ. ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಕೂಟಗಳಲ್ಲಿ ನಾರ್ಡಿಕ್ (ಹಿಮದ ಮೇಲಿನ ದೂರದ ಓಟ) ವಿಭಾಗದ ಚಿನ್ನಗಳನ್ನು ಕರ್ನಾಟಕಕ್ಕೆ ತಂದ ಅವರು, 2025ರಲ್ಲಿ ಚಿಲಿಯ ಅಂತರರಾಷ್ಟ್ರೀಯ ಸ್ಪರ್ಧೆಯೊಂದರಲ್ಲಿ 5 ಕಿಲೋಮೀಟರ್ ಓಟದ ಕಂಚು ಗೆದ್ದರು. ಅವರ ವಿಭಾಗದ ಸ್ಕೀ ತೀರ ಹಗುರ, ಕಿರಿದು. ಓಟದ ಮಾದರಿಗಳಿಗೆ ಉಕ್ಕಿನ ಅಂಚೇ ಇಲ್ಲ. ಅದರ ಜೀವಾಳ ನಡುವಿನ ಕಮಾನು ಮತ್ತು ತಳದಲ್ಲಿ ಕೊರೆದ ಸೂಕ್ಷ್ಮ ಗೆರೆಗಳು. ಗಡುಸು ಕೃತಕ ಹಿಮ ಆ ಗೆರೆಗಳನ್ನು ಉಜ್ಜಿ ಅಳಿಸುತ್ತದೆ. ಮೇಣ ಹಚ್ಚುವ ಇಸ್ತ್ರಿ ಪೆಟ್ಟಿಗೆ ಒಂದೇ ಕಡೆ ನಿಂತರೆ ತಳ ಸುಟ್ಟು ಮುಚ್ಚಿಕೊಂಡು ಮತ್ತೆ ಮೇಣ ಹೀರದು. ಜಾರಿಕೆ ಹೆಚ್ಚಿಸುತ್ತಿದ್ದ ಫ್ಲೋರಿನ್ ಮೇಣಗಳನ್ನು ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2023–24ರ ಋತುವಿನಿಂದ ನಿಷೇಧಿಸಿದ ಮೇಲೆ ತಳದ ಸ್ಥಿತಿಗೆ ಇನ್ನಷ್ಟು ಬೆಲೆ ಬಂದಿದೆ. ದೊಡ್ಡ ದೇಶಗಳ ತಂಡಗಳು ಒಬ್ಬೊಬ್ಬ ಸ್ಪರ್ಧಿಗೆ ಹತ್ತಾರು ಜೊತೆ ಸ್ಕೀ, ಮೇಣ ಹಚ್ಚಲು ಪ್ರತ್ಯೇಕ ತಜ್ಞರನ್ನು ಇಟ್ಟುಕೊಂಡಿರುತ್ತವೆ. ಕೆಲವೇ ಜೊತೆಗಳಿಂದ ಇಡೀ ಋತು ಓಡಬೇಕಾದ ಸ್ಪರ್ಧಿಗೆ ಅಭ್ಯಾಸದ ಸ್ಕೀಯನ್ನೂ ಸ್ಪರ್ಧೆಯ ಸ್ಕೀಯನ್ನೂ ಬೇರೆಬೇರೆ ಇಡುವುದೇ ದೊಡ್ಡ ಉಳಿತಾಯ. ಹಿಮವಿಲ್ಲದ ತಿಂಗಳುಗಳಲ್ಲಿ ನಾರ್ಡಿಕ್ ಓಟಗಾರರು ರಸ್ತೆಯ ಮೇಲೆ ಚಕ್ರದ ಸ್ಕೀಯಲ್ಲಿ ಅಭ್ಯಾಸ ಮಾಡುತ್ತಾರೆ. ಅದರಲ್ಲಿ ಸವೆಯುವುದು ರಬ್ಬರ್ ಚಕ್ರ ಮತ್ತು ಬೇರಿಂಗು, ಎರಡನ್ನೂ ಬಿಚ್ಚಿ ಹೊಸದು ಹಾಕಬಹುದು. ಒಂದು ಬದಿ ಮಾತ್ರ ಸವೆಯದಂತೆ ಚಕ್ರಗಳನ್ನು ಆಗಾಗ ಎಡಬಲ ಬದಲಿಸುವುದು ರೂಢಿ.