ನಾರುಹುಣ್ಣು ಮತ್ತು ನೀರು ಸೋಸುವ ಬಟ್ಟೆ

ಕನ್ನಡದ ಹಳೆಯ ಪದಗಳು ಒಂದೊಂದಾಗಿ ಬಳಕೆ ತಪ್ಪುತ್ತಿವೆಯೆಂದು ನಮ್ಮ ಕೂಟದಲ್ಲಿ ಆಗಾಗ ವ್ಯಥೆಪಡುವುದುಂಟು. ಆದರೆ ಮರೆತುಹೋದದ್ದಕ್ಕೆ ಸಂತೋಷಪಡಬೇಕಾದ ಪದವೊಂದಿದೆ: ನಾರುಹುಣ್ಣು. ಉತ್ತರ ಕರ್ನಾಟಕದ ಒಣಭೂಮಿಯ ಹಳ್ಳಿಗಳಲ್ಲಿ ಬೆಳೆದ ಹಿರಿಯರಿಗೆ ಈ ಪದ ಕೇಳಿದೊಡನೆ ಕಾಲಿನ ಹುಣ್ಣಿನಿಂದ ಹೊರಚಾಚಿದ ಬಿಳಿಯ ಎಳೆಯೊಂದು ನೆನಪಾದೀತು. ಕಿರಿಯರಿಗಾದರೋ ಅದರ ಅರ್ಥವನ್ನು ಬಿಡಿಸಿಯೇ ಹೇಳಬೇಕು. ಒಂದು ರೋಗದ ಹೆಸರು ಒಂದೇ ತಲೆಮಾರಿನಲ್ಲಿ ನಾಡಿನ ನುಡಿಯಿಂದ ಮರೆಯಾದ ಈ ಚರಿತ್ರೆಯಲ್ಲಿ ಔಷಧಿಗೆ ಪಾತ್ರವಿಲ್ಲ, ಲಸಿಕೆಗೂ ಇಲ್ಲ. ಇಲ್ಲಿರುವುದು ಬಾವಿ, ಕೊಡ ಮತ್ತು ಕೊಡದ ಬಾಯಿಗೆ ಕಟ್ಟಿದ ಒಂದು ತುಂಡು ಬಟ್ಟೆ.

ಕಡಿಮೆ ಖರ್ಚಿನಲ್ಲಿ ಮನೆಯಲ್ಲಿಯೇ ಕುಡಿಯುವ ನೀರನ್ನು ಶುದ್ಧಿಗೊಳಿಸುವ ಉಪಾಯಗಳ ಮಾತು ಬಂದಾಗ ನಮ್ಮಲ್ಲಿ ಎರಡು ಬಗೆಯ ಧೋರಣೆಗಳು ಕಾಣುತ್ತವೆ. ಹಿಂದಿನವರಿಗೆ ಎಲ್ಲವೂ ತಿಳಿದಿತ್ತು ಎನ್ನುವುದು ಒಂದು; ಅಗ್ಗದ ಉಪಾಯವೆಂದರೆ ಬಡವರಿಗಾಗಿ ಮಾಡಿದ ಅರೆಬರೆ ಏರ್ಪಾಡು ಎನ್ನುವುದು ಇನ್ನೊಂದು. ನಾರುಹುಣ್ಣಿನ ಕಥೆ ಇವೆರಡನ್ನೂ ಒಪ್ಪುವುದಿಲ್ಲ.

ಮೊದಲು ರೋಗದ ಸ್ವರೂಪವನ್ನು ನೋಡೋಣ. ನೀರಿನ ಮೂಲಕ ದೇಹವನ್ನು ಸೇರಿದ ಹುಳು ಸುಮಾರು ಒಂದು ವರ್ಷ ಯಾವ ಸುಳಿವನ್ನೂ ಕೊಡದೆ ಒಳಗೇ ಬೆಳೆಯುತ್ತದೆ. ಹೆಣ್ಣು ಹುಳು ಎರಡು ಮೂರು ಅಡಿ ಉದ್ದವಾಗಿ, ಸಾಮಾನ್ಯವಾಗಿ ಮೊಣಕಾಲಿನ ಕೆಳಗೆ, ಚರ್ಮದಲ್ಲಿ ಬೊಬ್ಬೆ ಎಬ್ಬಿಸಿ ಹೊರಬರುತ್ತದೆ. ಉರಿ ತಾಳಲಾರದೆ ರೋಗಿ ಕಾಲನ್ನು ತಣ್ಣೀರಿನಲ್ಲಿ ಅದ್ದುತ್ತಾನೆ. ಹುಳು ಕಾಯುತ್ತಿದ್ದುದು ಆ ಕ್ಷಣಕ್ಕೇ. ನೀರು ಸೋಕಿದೊಡನೆ ಅದು ಲಕ್ಷಗಟ್ಟಲೆ ಮರಿಗಳನ್ನು ಚೆಲ್ಲುತ್ತದೆ. ಇದಕ್ಕೆ ಔಷಧಿಯಿಲ್ಲ. ಒಮ್ಮೆ ಬಂದವರಿಗೆ ಮತ್ತೆ ಬಾರದೆಂಬ ಭರವಸೆಯೂ ಇಲ್ಲ. ಹೊರಬಂದ ತುದಿಯನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಕೆಲವೇ ಅಂಗುಲದಂತೆ ವಾರಗಟ್ಟಲೆ ಎಳೆಯುತ್ತ ಕೂರಬೇಕು. ಅವಸರಪಟ್ಟು ಹುಳು ಹರಿದರೆ ಒಳಗೆ ಕೀವಾಗಿ, ಕೆಲವೊಮ್ಮೆ ಕೀಲು ಹಿಡಿದು, ಕಾಲು ಊನವಾಗುವುದೂ ಇತ್ತು. ಸಾಯುವವರು ವಿರಳ, ಆದರೆ ಹೊಲದ ಕೆಲಸದ ದಿನಗಳಲ್ಲಿ ದುಡಿಯುವವನು ಮೂಲೆ ಹಿಡಿದರೆ ಆ ವರ್ಷದ ಅನ್ನಕ್ಕೇ ಕುತ್ತು.

ಇದು ಬಹಳ ಹಳೆಯ ರೋಗ. ಈಜಿಪ್ಟಿನ ಮಮ್ಮಿಯೊಂದರ ದೇಹದಲ್ಲಿ ಸುಣ್ಣಗಟ್ಟಿದ ನಾರುಹುಳು ಸಿಕ್ಕಿದೆ. ಗ್ರೀಕರ ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಕೈಯಲ್ಲಿರುವ ಹಾವು ಸುತ್ತಿದ ದಂಡ ಈ ಕಡ್ಡಿ ಸುತ್ತುವ ಚಿಕಿತ್ಸೆಯಿಂದಲೇ ಬಂದಿರಬಹುದೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಊಹೆ ನಿಜವಿರಲಿ ಬಿಡಲಿ, ಮನುಷ್ಯ ಸಾವಿರಾರು ವರ್ಷ ಈ ಹುಳುವನ್ನು ಕಡ್ಡಿಗೆ ಸುತ್ತುತ್ತಲೇ ಇದ್ದನೆಂಬುದಂತೂ ನಿಜ.

ಬಟ್ಟೆಯೂ ಅಷ್ಟೇ ಹಳೆಯದು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 45ನೆಯ ಅಧ್ಯಾಯ ನೀರನ್ನು ತಿಳಿಗೊಳಿಸುವ ಏಳು ವಸ್ತುಗಳನ್ನು ಪಟ್ಟಿಮಾಡುತ್ತದೆ. ಕತಕ, ಅಂದರೆ ನಮ್ಮ ಚಿಲ್ಲದ ಬೀಜ, ಅದರಲ್ಲಿ ಒಂದು, ವಸ್ತ್ರ ಇನ್ನೊಂದು. ನೀರನ್ನು ಕಾಯಿಸುವುದು, ಬಿಸಿಲಿಗಿಡುವುದು, ಕಾದ ಕಬ್ಬಿಣವನ್ನು ಅದ್ದುವುದು ಕೂಡ ಅಲ್ಲಿ ಬರುತ್ತವೆ. ಮನುಸ್ಮೃತಿಯ ಆರನೆಯ ಅಧ್ಯಾಯ ಸಂನ್ಯಾಸಿಯು ಬಟ್ಟೆಯಿಂದ ಸೋಸಿದ ನೀರನ್ನೇ ಕುಡಿಯಬೇಕೆಂದು ವಿಧಿಸುತ್ತದೆ. ಜೈನರಲ್ಲಂತೂ ನೀರನ್ನು ಗಾಳಿಸುವುದು ನಿತ್ಯದ ಆಚಾರ. ಗಾಳಿಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ನೀರು ತಂದ ಬಾವಿಗೇ ಜೋಪಾನವಾಗಿ ಮರಳಿಸುವ ಪದ್ಧತಿಯೂ ಅವರಲ್ಲಿದೆ. ಅಲ್ಲಿ ಬಟ್ಟೆಯಿದ್ದುದು ಮೊದಲಿಗೆ ನೀರಿನ ಜೀವಿಯನ್ನು ಮನುಷ್ಯನಿಂದ ಕಾಪಾಡುವುದಕ್ಕೆ. ಮನುಷ್ಯನ ಆರೋಗ್ಯ ಅದರ ಹಿಂದೆ ಬಂದ ಲಾಭ.

ಹಾಗಾದರೆ ಇಷ್ಟು ಹಳೆಯ ಬಟ್ಟೆಯಿದ್ದೂ ಅಷ್ಟೇ ಹಳೆಯ ರೋಗ ಉಳಿದದ್ದೇಕೆ? ಬಟ್ಟೆ ಕೆಲವರ ಆಚಾರವಾಗಿತ್ತು, ಎಲ್ಲರ ಅಭ್ಯಾಸವಾಗಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಹುಳುವಿಗೂ ನೀರಿಗೂ ಇರುವ ನಂಟು ಖಚಿತವಾಗಿ ಯಾರಿಗೂ ಗೊತ್ತಿರಲಿಲ್ಲ. ಒಂದು ವರ್ಷದ ಹಿಂದೆ ಕುಡಿದ ಬೊಗಸೆ ನೀರಿಗೂ ಇಂದು ಎದ್ದ ಬೊಬ್ಬೆಗೂ ಸಂಬಂಧ ಕಲ್ಪಿಸುವುದು ಎಂಥ ಅನುಭವಿಗೂ ಸುಲಭವಲ್ಲ.

ಆ ನಂಟು ಬಿಚ್ಚಿಕೊಂಡದ್ದು ದೂರದ ತುರ್ಕಿಸ್ತಾನದಲ್ಲಿ. 1870ರಲ್ಲಿ ರಷ್ಯದ ವಿಜ್ಞಾನಿ ಅಲೆಕ್ಸಿ ಫೆದ್ಚೆಂಕೊ ನಾರುಹುಳುವಿನ ಮರಿಗಳು ನೀರಿನ ಒಂದು ಅತಿಸಣ್ಣ ಪ್ರಾಣಿಯ ದೇಹವನ್ನು ಹೊಕ್ಕು ಬೆಳೆಯುವುದನ್ನು ಕಂಡನು. ಹೋಮರನ ಕಾವ್ಯದ ಒಂಟಿಕಣ್ಣಿನ ದೈತ್ಯನ ಹೆಸರೇ ಈ ಪ್ರಾಣಿಗೆ: ಸೈಕ್ಲಾಪ್ಸ್. ಒಂದೆರಡು ಮಿಲಿಮೀಟರ್ ಮೀರದ ಇದು ಬಿಳಿಯ ಚುಕ್ಕೆಯಂತೆ ನೀರಿನಲ್ಲಿ ಪುಟಿಯುತ್ತಿರುತ್ತದೆ. ಇದನ್ನು ನೀರಿನೊಡನೆ ನುಂಗಿದರೆ ಹೊಟ್ಟೆಯ ಆಮ್ಲದಲ್ಲಿ ಸೈಕ್ಲಾಪ್ಸ್ ಸಾಯುತ್ತದೆ, ಒಳಗಿದ್ದ ಮರಿ ಪಾರಾಗುತ್ತದೆ. 1913ರ ಸುಮಾರಿಗೆ ಮುಂಬಯಿಯ ಬ್ಯಾಕ್ಟೀರಿಯಾಲಾಜಿಕಲ್ ಪ್ರಯೋಗಾಲಯದಲ್ಲಿ, ಅಂದರೆ ಇಂದು ಪರೇಲಿನಲ್ಲಿರುವ ಹಾಫ್‌ಕಿನ್ ಸಂಸ್ಥೆಯಲ್ಲಿ, ಡಿ. ಎ. ತುರ್ಖುಡ್ ಅವರು ಮನುಷ್ಯರಿಗೆ ರೋಗ ತಗಲುವುದು ಈ ದಾರಿಯಿಂದಲೇ ಎಂದು ಪ್ರಯೋಗದಿಂದ ತೋರಿಸಿಕೊಟ್ಟರು.

ಮುಂದಿನ ಅಧ್ಯಾಯ ನಮ್ಮ ಮೈಸೂರು ಸೀಮೆಯದು. 1932ರ 'ಇಂಡಿಯನ್ ಮೆಡಿಕಲ್ ಗೆಜೆಟ್' ಪತ್ರಿಕೆಯಲ್ಲಿ ವಿ. ಎನ್. ಮೂರ್ತಿಯವರು ಬರೆದ ಲೇಖನವೊಂದಿದೆ. ಅದರ ಶೀರ್ಷಿಕೆಯಲ್ಲಿರುವ 'ಚಿತಲ್‌ಡ್ರೂಗ್' ಜಿಲ್ಲೆ ಬೇರೆಯಾವುದೂ ಅಲ್ಲ, ನಮ್ಮ ಚಿತ್ರದುರ್ಗವೇ. ಆ ಜಿಲ್ಲೆಯ ನಾರುಹುಣ್ಣಿನ ಬಗ್ಗೆ ಅವರು ನಡೆಸಿದ ಅಧ್ಯಯನವದು. ಮುಂದೆ ಮೂರ್ತಿಯವರು ಡಬ್ಲ್ಯೂ. ಸಿ. ಸ್ವೀಟ್ ಅವರೊಡನೆ ಸೇರಿ ಬಾವಿಯ ಸೈಕ್ಲಾಪ್ಸ್‌ಗಳನ್ನು ಮೀನುಗಳಿಂದ ತಿನ್ನಿಸುವ ಉಪಾಯವನ್ನು 1936ರಲ್ಲಿ ಪ್ರಕಟಿಸಿದರು. ಬಾರ್ಬಸ್ ಜಾತಿಯ ಸಣ್ಣ ಮೀನುಗಳನ್ನು ಬಾವಿಗೆ ಬಿಟ್ಟರೆ ಸೈಕ್ಲಾಪ್ಸ್ ಕಡಿಮೆಯಾಗುತ್ತದೆ. ಹಣ ಬೇಡ, ಯಂತ್ರ ಬೇಡ. ನಾಯಿಗಳಿಗೂ ಈ ಹುಳು ತಗಲಬಲ್ಲುದೆಂಬ ಅವರ ಪ್ರಯೋಗಗಳಿಗೆ ಎಂಟು ದಶಕಗಳ ಮೇಲೆ ಹೊಸ ಅರ್ಥ ಬಂದಿದೆ: ಇಂದು ಆಫ್ರಿಕದ ಚಾಡ್ ದೇಶದಲ್ಲಿ ರೋಗದ ನಿರ್ಮೂಲನಕ್ಕೆ ದೊಡ್ಡ ತೊಡಕಾಗಿರುವುದು ನಾಯಿಗಳಲ್ಲಿ ಉಳಿದಿರುವ ಸೋಂಕೇ.

ಈ ರೋಗದ ನೆಲೆಯಾಗಿದ್ದುದು ಮೆಟ್ಟಿಲ ಬಾವಿ. ನಮ್ಮ ಶಿಲ್ಪಚರಿತ್ರೆಯ ಪುಸ್ತಕಗಳು ಮೆಟ್ಟಿಲ ಬಾವಿಯನ್ನು ಹೊಗಳುವುದು ನ್ಯಾಯವೇ. ಆದರೆ ಇಳಿದು ಕೊಡ ತುಂಬಿಕೊಳ್ಳುವ ಬಾವಿಯೆಂದರೆ ಕಾಲು ನೀರಿಗೆ ಸೋಕುವ ಬಾವಿ. ಹುಣ್ಣಿನ ಕಾಲೊಂದು ಮೆಟ್ಟಿಲಿಳಿದರೆ ಇಡೀ ಊರಿನ ಮುಂದಿನ ವರ್ಷ ಬರೆದಂತಾಯಿತು. ಕಟ್ಟೆ ಎತ್ತರಿಸಿ ಹಗ್ಗದಿಂದ ನೀರು ಎತ್ತುವ ಸೇದುಬಾವಿಯಲ್ಲಿ ಈ ಅಪಾಯವಿಲ್ಲ.

ಸಿಡುಬು ನಿರ್ಮೂಲವಾಯಿತೆಂದು 1980ರಲ್ಲಿ ಜಗತ್ತು ಘೋಷಿಸಿಕೊಂಡಿತು. ಮರುವರ್ಷ ವಿಶ್ವಸಂಸ್ಥೆಯ ಕುಡಿಯುವ ನೀರಿನ ದಶಕ ಆರಂಭವಾಯಿತು. ಆ ಹುಮ್ಮಸ್ಸಿನಲ್ಲಿ ಭಾರತ 1983-84ರಲ್ಲಿ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮವನ್ನು ಕೈಗೊಂಡಿತು. ಹೊಣೆ ಹೊತ್ತದ್ದು ದೆಹಲಿಯ ಶಾಮನಾಥ ಮಾರ್ಗದಲ್ಲಿದ್ದ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆ. ಮೊದಲ ಹುಡುಕಾಟದಲ್ಲಿ ಕಂಡದ್ದು 7 ರಾಜ್ಯಗಳ 89 ಜಿಲ್ಲೆಗಳಲ್ಲಿ 12,840 ಹಳ್ಳಿಗಳು, ಸುಮಾರು 40,000 ರೋಗಿಗಳು. ಆ ಏಳರಲ್ಲಿ ಕರ್ನಾಟಕವೂ ಒಂದು. ಮಹಾರಾಷ್ಟ್ರ, ಆಂಧ್ರಪ್ರದೇಶ, ತಮಿಳುನಾಡು, ಗುಜರಾತ್, ಮಧ್ಯಪ್ರದೇಶ, ರಾಜಸ್ಥಾನ ಉಳಿದವು.

ಕಾರ್ಯಕ್ರಮದ ಅಂಗಗಳು ಸರಳವಾಗಿದ್ದವು. ಮನೆಮನೆ ತಿರುಗಿ ರೋಗಿಗಳನ್ನು ಗುರುತಿಸುವುದು, ಹುಣ್ಣಿಗೆ ಪಟ್ಟಿ ಕಟ್ಟಿ ನೀರಿಗಿಳಿಯದಂತೆ ನೋಡಿಕೊಳ್ಳುವುದು, ಮೆಟ್ಟಿಲ ಬಾವಿಗಳನ್ನು ಸೇದುಬಾವಿಗಳಾಗಿ ಬದಲಿಸುವುದು ಅಥವಾ ಕೈಪಂಪು ಹಾಕಿಸುವುದು, ಟೆಮೆಫಾಸ್ ಎಂಬ ರಾಸಾಯನಿಕದಿಂದ ಸೈಕ್ಲಾಪ್ಸ್‌ಗಳನ್ನು ಕೊಲ್ಲುವುದು, ಮತ್ತು ಪ್ರತಿ ಮನೆಗೂ ನೀರು ಸೋಸುವ ಬಟ್ಟೆ ಮುಟ್ಟಿಸುವುದು. ಬಾವಿ ಬದಲಿಸಲು ಅಂದಾಜುಪಟ್ಟಿ ಬೇಕು, ಮಂಜೂರಾತಿ ಬೇಕು, ಗುತ್ತಿಗೆದಾರ ಬರಬೇಕು. ಸರ್ಕಾರಿ ಕಡತ ಚಲಿಸುವ ವೇಗವನ್ನು ಬಲ್ಲ ನನ್ನಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಟ್ಟೆಯಾದರೋ ಇಂದು ಕೈಗೆ ಬಂದರೆ ಇಂದಿನಿಂದಲೇ ಕೆಲಸ ಮಾಡುತ್ತದೆ. ಸುರಕ್ಷಿತ ಬಾವಿ ಬರುವ ತನಕದ ವರ್ಷಗಳಲ್ಲಿ ಮನೆಯನ್ನು ಕಾದದ್ದು ಬಟ್ಟೆ. ರೋಗದ ಬೇರನ್ನು ಕಿತ್ತದ್ದು ಬಾವಿ. ಈ ಎರಡರಲ್ಲಿ ಒಂದನ್ನು ಇನ್ನೊಂದರ ಬದಲಿಯೆಂದು ತಿಳಿದಿದ್ದರೆ ಕಾರ್ಯಕ್ರಮ ಸೋಲುತ್ತಿತ್ತು.

ರಾಜಸ್ಥಾನದ ಬಾಂಸವಾಡಾ, ಡೂಂಗರಪುರ, ಉದಯಪುರ ಜಿಲ್ಲೆಗಳಲ್ಲಿ ಯೂನಿಸೆಫ್ ಮತ್ತು ಸ್ವೀಡನ್ನಿನ ನೆರವಿನಿಂದ 1986ರಲ್ಲಿ ಆರಂಭವಾದ 'ಸ್ವಚ್ಛ' ಯೋಜನೆ ಈ ಮಾತಿಗೆ ಒಳ್ಳೆಯ ನಿದರ್ಶನ. ಅಲ್ಲಿ ಬಾವಿಗಳ ಪರಿವರ್ತನೆ, ಕೈಪಂಪು, ಬಟ್ಟೆ ಮೂರೂ ಜೊತೆಜೊತೆಗೆ ನಡೆದವು. ಹಳ್ಳಿಯ ಹೆಂಗಸರೇ ಮನೆಮನೆಗೆ ಹೋಗಿ ವಿಷಯ ತಿಳಿಸಿದರು. ಬಟ್ಟೆಯನ್ನು ಪ್ರತಿ ಬಾರಿಯೂ ಒಂದೇ ಮಗ್ಗುಲು ಮೇಲಾಗುವಂತೆ ಕಟ್ಟಬೇಕು. ತಿರುವುಮುರುವಾದರೆ ಹಿಂದಿನ ದಿನ ಹಿಡಿದ ಸೈಕ್ಲಾಪ್ಸ್ ಇಂದಿನ ಕೊಡಕ್ಕೆ ಬೀಳುತ್ತದೆ. ತೂತು ಬಿದ್ದರೆ ಬದಲಿಸಬೇಕು. ಹೊಲಕ್ಕೆ ಹೋದಾಗಲೂ ಸೋಸದ ನೀರು ಕುಡಿಯಬಾರದು. ಇಂಥ ಸಣ್ಣ ಸಂಗತಿಗಳನ್ನು ಹೇಳಿ ಒಪ್ಪಿಸಬಲ್ಲವರು ನೀರು ಹೊರುವವರೇ.

ಭಾರತದ ಕೊನೆಯ ರೋಗಿ ಕಂಡುಬಂದದ್ದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. ಮುಂದಿನ ಮೂರು ವರ್ಷಗಳ ಕಾವಲಿನಲ್ಲಿ ಹೊಸ ರೋಗಿ ಯಾರೂ ಸಿಗಲಿಲ್ಲ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ದೃಢೀಕರಿಸಿತು. 1986ರಲ್ಲಿ ಜಗತ್ತಿನಾದ್ಯಂತ 35 ಲಕ್ಷದಷ್ಟಿದ್ದ ರೋಗಿಗಳ ಸಂಖ್ಯೆ 2021ರಿಂದ 2024ರವರೆಗೆ ಯಾವ ವರ್ಷವೂ 15ನ್ನು ಮೀರಿಲ್ಲ.

ಬಟ್ಟೆಯ ಕಥೆ ಇಲ್ಲಿಗೇ ನಿಲ್ಲಲಿಲ್ಲ. ಕಾಲರಾದ ಸೂಕ್ಷ್ಮಜೀವಿ ಎಷ್ಟು ಚಿಕ್ಕದೆಂದರೆ ಯಾವ ಸೀರೆಯೂ ಅದನ್ನು ತಡೆಯಲಾರದು. ಆದರೆ ಅದು ಸೈಕ್ಲಾಪ್ಸ್‌ನ ಬಂಧುಗಳಾದ ಸಣ್ಣ ಜಲಚರಗಳ ಮೈಗೆ ಅಂಟಿಕೊಂಡಿರುತ್ತದೆಂದು ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ಕಂಡುಕೊಂಡರು. ಬಾಂಗ್ಲಾದೇಶದ ಮತ್ಲಬ್ ಪ್ರದೇಶದ 65 ಹಳ್ಳಿಗಳಲ್ಲಿ ಅವರು ನಡೆಸಿದ ಪರೀಕ್ಷೆಯ ಫಲ 2003ರಲ್ಲಿ ಪ್ರಕಟವಾಯಿತು: ಹಳೆಯ ಸೀರೆಯನ್ನು ಕನಿಷ್ಠ ನಾಲ್ಕು ಪದರಗಳಾಗಿ ಮಡಿಸಿ ಸೋಸಿದ ಮನೆಗಳಲ್ಲಿ ಕಾಲರಾ ಶೇ. 48ರಷ್ಟು ತಗ್ಗಿತ್ತು. ಹೊಸ ಸೀರೆಗಿಂತ ಹಳೆಯದೇ ಮೇಲು. ಒಗೆದೊಗೆದು ಎಳೆಗಳು ಸಡಿಲಗೊಂಡು ನವಿರೆದ್ದಾಗ ನೇಯ್ಗೆಯ ಸಂದುಗಳು ಕಿರಿದಾಗುತ್ತವೆ. ಸವೆದದ್ದೇ ಇಲ್ಲಿ ಹೆಚ್ಚು ಬೆಲೆಯುಳ್ಳದ್ದು.

ಶೇ. 48 ಎಂಬ ಅಂಕಿ ಬಟ್ಟೆಯ ಶಕ್ತಿಯನ್ನು ಹೇಳುವಂತೆ ಅದರ ಮಿತಿಯನ್ನೂ ಹೇಳುತ್ತದೆ. ಬಿಡಿಯಾಗಿ ತೇಲುವ ಸೂಕ್ಷ್ಮಜೀವಿಗಳಿಗೆ ನೀರು ಕುದಿಸುವುದೇ ಹಳೆಯ, ನೆಚ್ಚಬಹುದಾದ ಉಪಾಯ. ನೀರು ಚೆನ್ನಾಗಿ ಮರಳಿದರೆ ಸಾಕು, ಗಂಟೆಗಟ್ಟಲೆ ಕಾಯಿಸಬೇಕಿಲ್ಲ. ಸೌದೆಯಿಲ್ಲದವರಿಗೆ ಬೇರೆ ದಾರಿಗಳಿವೆ. ಬೈರೂತಿನ ಅಫ್ತಿಮ್ ಅಕ್ರಾ ಮತ್ತು ಸಂಗಡಿಗರು 1980ರ ದಶಕದಲ್ಲಿ ಬಿಸಿಲನ್ನೇ ಬಳಸಿಕೊಂಡರು: ತಿಳಿನೀರು ತುಂಬಿದ ಪಾರದರ್ಶಕ ಬಾಟಲಿಯನ್ನು ಒಳ್ಳೆಯ ಬಿಸಿಲಿನಲ್ಲಿ ಆರು ಗಂಟೆ ಇಡುವ ಇಂದಿನ ವಿಧಾನ ಅಲ್ಲಿಂದ ಬೆಳೆದದ್ದು. ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಾಗಳು ಸಾಯುತ್ತವೆಂದು ಬೆಂಗಳೂರಿನ ಸಂಶೋಧಕರು 2012ರಲ್ಲಿ ವರದಿ ಮಾಡಿದರು. ಆದರೆ ನೀರಿನಲ್ಲಿ ಕರಗಿದ ಫ್ಲೋರೈಡಿನ ಮುಂದೆ ಇವೆಲ್ಲವೂ ನಿರುಪಯುಕ್ತ. ಮೆಟ್ಟಿಲ ಬಾವಿಯ ಹುಳುವಿನಿಂದ ಪಾರಾಗಲು ಕೊಳವೆ ಬಾವಿಗೆ ಹೋದ ಒಣನಾಡಿನ ಕೆಲವೆಡೆ ಜನರಿಗೆ ಎದುರಾದದ್ದು ಫ್ಲೋರೈಡೇ. ಅದಕ್ಕೆ ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲಿ ರೂಪಿಸಿದ ನಲ್ಗೊಂಡ ವಿಧಾನವೇ ಬೇರೆ: ಪಟಿಕ ಮತ್ತು ಸುಣ್ಣವನ್ನು ಅಳತೆಯಂತೆ ಬೆರೆಸಿ, ಕದಡಿ, ಗಷ್ಟು ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಬಸಿದುಕೊಳ್ಳುವುದು.

ಹೀಗೆ ಪ್ರತಿ ಕೇಡಿಗೂ ಅದರದೇ ಪರಿಹಾರವಿದೆ. ಎಲ್ಲಕ್ಕೂ ಒಂದೇ ಎಂಬುದಿಲ್ಲ. ಸಾವಿರಾರು ವರ್ಷ ಕೆಲವರ ಕೈಯಲ್ಲಿದ್ದ ಬಟ್ಟೆ ನಾರುಹುಣ್ಣನ್ನು ಓಡಿಸಿದ್ದು ನೀರಿನಲ್ಲಿ ಇರುವುದೇನೆಂದು ತಿಳಿದ ಮೇಲೆ, ಆ ತಿಳಿವು ಎಲ್ಲರ ಮನೆಗೂ ಮುಟ್ಟಿದ ಮೇಲೆ. ಮಹಾನಗರಗಳಲ್ಲಿ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಾಗುತ್ತ, ಹೋದಲ್ಲೆಲ್ಲ ಗೋಡೆಗೆ ನೀರಿನ ಯಂತ್ರ ತೂಗುಹಾಕುವ ನಾವು ಅದರ ಬೆಲೆ ಕೇಳುತ್ತೇವೆ, ಎಷ್ಟು ಹಂತಗಳೆಂದು ಕೇಳುತ್ತೇವೆ. ನಲ್ಲಿಯಲ್ಲಿ ಬರುತ್ತಿರುವ ನೀರಿನಲ್ಲಿ ಇರುವುದೇನು ಎಂದು ಪರೀಕ್ಷೆ ಮಾಡಿಸಿದವರು ನಮ್ಮಲ್ಲಿ ಎಷ್ಟು ಮಂದಿ?

ಈ ಚರಿತ್ರೆಯನ್ನು ಓದುವಾಗ ಫೆದ್ಚೆಂಕೊ, ತುರ್ಖುಡ್, ಮೂರ್ತಿ ಮೊದಲಾದ ಹೆಸರುಗಳು ಸಿಗುತ್ತವೆ, ಅವರು ಸ್ಮರಣೀಯರೇ. 12,840 ಹಳ್ಳಿಗಳಲ್ಲಿ ದಿನವೂ ಬಟ್ಟೆ ಮಡಿಸಿ, ಕೊಡಕ್ಕೆ ಕಟ್ಟಿ, ಸೋಸಿ, ಒಗೆದು, ಒಣಗಿಸಿ, ಮರುದಿನ ಸರಿಯಾದ ಮಗ್ಗುಲು ನೋಡಿ ಮತ್ತೆ ಕಟ್ಟಿದ ಹೆಂಗಸರ ಹೆಸರುಗಳು ಮಾತ್ರ ಯಾವ ವರದಿಯಲ್ಲೂ ಇಲ್ಲ. ನಾರುಹುಣ್ಣು ಎಂಬ ಪದವನ್ನು ನಮ್ಮ ಮಕ್ಕಳು ಕಲಿಯಬೇಕಾಗಿಲ್ಲದಂತೆ ಮಾಡಿದವರು ಅವರು.