ಮ್ಯಾಸ್ಟೊಡಾನ್

ಯಾವುದೇ ಒಂದು ಕಂಪನಿಯ ಹಿಡಿತಕ್ಕೆ ಒಳಪಡದೆ, ವ್ಯಕ್ತಿಗಳೂ ಸಂಘಸಂಸ್ಥೆಗಳೂ ಸ್ವತಂತ್ರವಾಗಿ ನಡೆಸುವ ಸಾವಿರಾರು ಸರ್ವರ್‌ಗಳು ಪರಸ್ಪರ ಬೆಸೆದುಕೊಂಡು ರೂಪುಗೊಂಡಿರುವ ವಿಕೇಂದ್ರೀಕೃತ ಸಾಮಾಜಿಕ ಜಾಲತಾಣ. ಇದರ ಮುಕ್ತ ತಂತ್ರಾಂಶವನ್ನು ಜರ್ಮನಿಯ ಯೂಜೆನ್ ರೋಚ್ಕೊ 2016ರಲ್ಲಿ ಹೊರತಂದರು. ಒಂದು ಸರ್ವರ್‌ನಲ್ಲಿ ಖಾತೆಯುಳ್ಳವರು ಇನ್ನೊಂದರಲ್ಲಿರುವವರ ಬರಹವನ್ನು ಓದಿ ಉತ್ತರಿಸಲು ನೆರವಾಗುವುದು ಆಕ್ಟಿವಿಟಿಪಬ್ ಎಂಬ ಪ್ರೋಟೊಕಾಲ್, ಅಂದರೆ ಸರ್ವರ್‌ಗಳ ನಡುವಣ ಸಂದೇಶ ವಿನಿಮಯದ ನಿಯಮಾವಳಿ. ವರ್ಲ್ಡ್ ವೈಡ್ ವೆಬ್ ಒಕ್ಕೂಟ 2018ರಲ್ಲಿ ಇದಕ್ಕೆ ಮನ್ನಣೆ ನೀಡಿತು.

ಟ್ವಿಟರ್ ಮೇಲಿನ ಅಸಮಾಧಾನದಿಂದ 2019ರ ನವೆಂಬರ್‌ನಲ್ಲಿ ಭಾರತದ ಅನೇಕರು, 2022ರ ಅಕ್ಟೋಬರ್‌ನಲ್ಲಿ ಅದು ಇಲಾನ್ ಮಸ್ಕ್ ಕೈಸೇರಿದ ಮೇಲೆ ಜಗತ್ತಿನಾದ್ಯಂತ ಲಕ್ಷಾಂತರ ಮಂದಿ ಇಲ್ಲಿಗೆ ಬಂದರಾದರೂ, ಅವರಲ್ಲಿ ಬಹಳಷ್ಟು ಜನ ನೆಲೆನಿಲ್ಲಲಿಲ್ಲ. ಖಾತೆ ತೆರೆಯುವ ಮೊದಲೇ ಯಾವ ಸರ್ವರ್ ಎಂಬ ಪ್ರಶ್ನೆ ಎದುರಾಗುತ್ತದೆ. ಅದಕ್ಕೆ ಉತ್ತರಿಸಲು ಬೇಕಾದ ತಿಳಿವಳಿಕೆ ಹೊಸಬರಿಗೆ ಇರುವುದಿಲ್ಲ. ಬೇರೊಂದು ಸರ್ವರ್‌ನ ಪುಟದಲ್ಲಿ ಕಂಡವರನ್ನು ಅನುಸರಿಸಬೇಕಾದರೆ ತಮ್ಮ ಸರ್ವರ್‌ಗೆ ಮರಳಬೇಕಾಗುತ್ತದೆ, ಹಾಗೆ ಮರಳಿದಾಗಲೂ ಅವರ ಹಳೆಯ ಬರಹಗಳು ಹಲವೊಮ್ಮೆ ಕಾಣುವುದಿಲ್ಲ. ಓದುಗರ ಅಭಿರುಚಿಯನ್ನು ಊಹಿಸಿ ಬರಹಗಳನ್ನು ಮುಂದಿಡುವ ಅಲ್ಗಾರಿದಮ್ ಇಲ್ಲದಿರುವುದು ತತ್ತ್ವತಃ ಮೆಚ್ಚತಕ್ಕದ್ದೇ ಆದರೂ, ಯಾರನ್ನೂ ಅನುಸರಿಸದ ಹೊಸಬರ ಮುಖ್ಯಪುಟ ಅದರಿಂದಾಗಿ ಬರಿದಾಗಿಯೇ ಉಳಿಯುತ್ತದೆ. ಸರ್ವರ್ ಬದಲಿಸಿದರೆ ಹಿಂಬಾಲಕರನ್ನು ಜೊತೆಗೆ ಒಯ್ಯಬಹುದು, ಹಳೆಯ ಬರಹಗಳನ್ನಲ್ಲ.

ಸರ್ವರ್ ಆಯ್ಕೆಯ ತೊಡಕನ್ನು ನೀಗಿಸಲು 2023ರಲ್ಲಿ ಅಧಿಕೃತ ಆ್ಯಪ್ ಹೊಸಬರಿಗೆ ಮ್ಯಾಸ್ಟೊಡಾನ್ ಡಾಟ್ ಸೋಶಿಯಲ್ ಎಂಬ ಸರ್ವರನ್ನೇ ಮೊದಲ ಆಯ್ಕೆಯಾಗಿ ಸೂಚಿಸತೊಡಗಿತು. ಇದು ಪ್ರವೇಶವನ್ನು ನಿಜಕ್ಕೂ ಸುಲಭಗೊಳಿಸಿತು. ಆದರೆ ಬಳಕೆದಾರರು ಒಂದೇ ಕಡೆ ಗುಂಪುಗೂಡಿದಷ್ಟೂ ವಿಕೇಂದ್ರೀಕರಣದ ಮೂಲ ಆಶಯ ಸಡಿಲಗೊಳ್ಳುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದು.