ಊರಿಗೆ ಬಂದ ದುಡ್ಡು, ಕೇರಿಗೆ ಬಾರದ ದುಡ್ಡು

ಊರಿಗೆ ಬಂದವಳು ನೀರಿಗೆ ಬರದಿರುತ್ತಾಳಾ ಅಂತ ಒಂದು ಗಾದೆ. ಅದನ್ನು ಕಟ್ಟಿದವರು ಊರೊಳಗಿನವರೇ ಇರಬೇಕು. ಕೇರಿಯ ಹೆಂಗಸು ಊರಿಗೆ ಬಂದರೂ ಊರ ಬಾವಿಗೆ ಬಿಂದಿಗೆ ಇಳಿಸುವಂತಿರಲಿಲ್ಲ. ದೂರ ನಿಂತು, ಯಾರಾದರೂ ಮನಸ್ಸು ಮಾಡಿ ಹುಯ್ದರೆ ಹುಯ್ಯಿಸಿಕೊಂಡು ಬರಬೇಕಿತ್ತು. ಹಳ್ಳಿಗಳ ಉದ್ಧಾರಕ್ಕೆಂದು ಸರ್ಕಾರ ಸುರಿದ ದುಡ್ಡಿನ ಚರಿತ್ರೆಯೂ ಹೀಗೇ ಇದೆ. ದುಡ್ಡು ಊರಿಗೆ ಬಂತು. ಕೇರಿಗೆ ಮಾತ್ರ ಯಾರೋ ಹುಯ್ದಷ್ಟು.

ಗೆಳೆಯರೆ, ಯೋಜನೆಗಳ ಹೆಸರು ಎಷ್ಟೋ ಬದಲಾದವು. ಕಡತದಲ್ಲಿ 'ಗ್ರಾಮ' ಅನ್ನುವ ಪದ ಮಾತ್ರ ಬದಲಾಗಲಿಲ್ಲ. ಗ್ರಾಮ ಅಂದರೆ ಯಾರು ಎಂದು ಕಡತ ಕೇಳುವುದಿಲ್ಲ. ನಾವು ಕೇಳಬೇಕಾಗಿದೆ.

ಈ ಚರಿತ್ರೆಯನ್ನು 1952ರಿಂದ ಶುರು ಮಾಡುವುದು ರೂಢಿ. ನಾವು 1947ರಿಂದ ಶುರು ಮಾಡೋಣ. ಆ ವರ್ಷ ಬಾಬಾಸಾಹೇಬರು 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಎಂಬ ಮನವಿಯನ್ನು ಪ್ರಕಟಿಸಿದರು. ಸ್ವತಂತ್ರ ದೇಶದ ಸಂವಿಧಾನದಲ್ಲಿ ಏನೇನಿರಬೇಕು ಎಂಬುದರ ಕರಡು ಅದು. ಅದರಲ್ಲೊಂದು ಬೇಡಿಕೆ ಹೀಗಿತ್ತು: ಅಸ್ಪೃಶ್ಯರಿಗಾಗಿ ಹೊಸ ಹಳ್ಳಿಗಳನ್ನೇ ಕಟ್ಟಬೇಕು, ಅದಕ್ಕೊಂದು ವಸತಿ ಆಯೋಗ ಬೇಕು, ಬೀಳುಬಿದ್ದ ಸರ್ಕಾರಿ ಭೂಮಿ ಆ ಆಯೋಗದ ಕೈಯಲ್ಲಿರಬೇಕು, ಸಾಲದಿದ್ದರೆ ಖಾಸಗಿ ಭೂಮಿಯನ್ನೂ ಕೊಳ್ಳಬೇಕು, ಇದಕ್ಕೆ ಕೇಂದ್ರ ಸರ್ಕಾರ ವರ್ಷಕ್ಕೆ 5 ಕೋಟಿ ರೂಪಾಯಿ ತೆಗೆದಿಡಬೇಕು.

ಇದನ್ನು ಕೆಲವರು ಊರು ಒಡೆಯುವ ಮಾತು ಅಂದುಕೊಳ್ಳಬಹುದು. ಊರು ಒಡೆದೇ ಇತ್ತು. ಹೊಟ್ಟೆಪಾಡಿಗೆ ಊರನ್ನೇ ನಂಬಿಕೊಂಡವನು ಊರಿನ ಎದುರು ನಿಂತು ಮಾತಾಡಲಾರ ಎಂಬ ಸತ್ಯ ಅಂಬೇಡ್ಕರರಿಗೆ ಗೊತ್ತಿತ್ತು. ಭೂಮಿಯಿಲ್ಲದೆ ಬಿಡುಗಡೆಯಿಲ್ಲ ಎಂಬುದು ಆ ಬೇಡಿಕೆಯ ತಿರುಳು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅವರು ಹಳ್ಳಿಯನ್ನು ಹಾಡಿ ಹೊಗಳುವವರ ಮುಖಕ್ಕೆ ಹೊಡೆದಂತೆ, ಅದು ಅಜ್ಞಾನದ, ಸಂಕುಚಿತ ಬುದ್ಧಿಯ, ಜಾತೀಯತೆಯ ಗೂಡು ಎಂಬರ್ಥದ ಮಾತು ಹೇಳಿದರು. ಸಭೆಯಲ್ಲಿ ಅನೇಕರಿಗೆ ಕೋಪ ಬಂತು. ಸಂವಿಧಾನದಲ್ಲಿ ಗ್ರಾಮ ಪಂಚಾಯಿತಿಗೆ 40ನೇ ವಿಧಿ ಸಿಕ್ಕಿತು. ವಸತಿ ಆಯೋಗಕ್ಕೆ ಯಾವ ವಿಧಿಯೂ ಸಿಗಲಿಲ್ಲ. ಆ 5 ಕೋಟಿ ಬರಲೇ ಇಲ್ಲ.

ಬಂದದ್ದು ಬೇರೆ ದುಡ್ಡು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ದೇಶದಲ್ಲಿ 55 ಪ್ರದೇಶಗಳು, ಒಂದೊಂದರಲ್ಲಿ ಸುಮಾರು 300 ಹಳ್ಳಿ. ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಇದಕ್ಕೆ ತೆಗೆದಿಟ್ಟದ್ದು 90 ಕೋಟಿ. ಅಮೆರಿಕದ ನೆರವೂ ಇತ್ತು. ಬಿ.ಡಿ.ಓ. ಬಂದರು, ಗ್ರಾಮಸೇವಕರು ಬಂದರು, ಜೀಪು ಬಂತು. ಒಳ್ಳೆ ಬೀಜ, ಗೊಬ್ಬರ, ರಸ್ತೆ, ಶಾಲೆ, ಬಾವಿ ಎಲ್ಲ ಪಟ್ಟಿಯಲ್ಲಿತ್ತು. ಪಟ್ಟಿಯಲ್ಲಿ ಭೂಮಿ ಹಂಚುವ ಮಾತಿರಲಿಲ್ಲ. ಬೀಜ, ಗೊಬ್ಬರ ಯಾರಿಗೆ? ಹೊಲ ಇದ್ದವನಿಗೆ. ಹೊಲವೇ ಇಲ್ಲದವನು ಗೊಬ್ಬರದ ಚೀಲ ಹೊತ್ತ.

ದುಡ್ಡಿನ ಜೊತೆ ಒಂದು ಷರತ್ತೂ ಬಂತು. ಜನರೂ ತಮ್ಮ ಪಾಲು ಕೊಡಬೇಕು, ಶ್ರಮದಾನ ಮಾಡಬೇಕು. ಕೇಳೋಕೆ ಚೆನ್ನಾಗಿದೆ. ಆದರೆ ದಾನ ಮಾಡುವವನ ಮನೆಯಲ್ಲಿ ಏನಾದರೂ ಇರಬೇಕಲ್ಲ? ದಿನಗೂಲಿಯೇ ಗತಿಯಾದವನು ಒಂದು ದಿನದ ದುಡಿಮೆ ದಾನ ಮಾಡಿದರೆ ಅವತ್ತು ರಾತ್ರಿ ಒಲೆ ಹತ್ತುವುದಿಲ್ಲ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಈ ಯೋಜನೆಯನ್ನು ಕಣ್ಣಾರೆ ಕಂಡ ಎಸ್.ಸಿ. ದುಬೆಯವರು 1958ರ ತಮ್ಮ ಪುಸ್ತಕದಲ್ಲಿ ಇದನ್ನೇ ದಾಖಲಿಸಿದ್ದಾರೆ. ಉಳ್ಳವರು ಮೇಸ್ತ್ರಿಗಳಾಗಿ ನಿಂತು ಹೆಸರು ಪಡೆದರು, ಇಲ್ಲದವರು ಮಣ್ಣು ಹೊತ್ತರು. ರಸ್ತೆಯಾದ ಮೇಲೆ ಅದರ ಲಾಭ ಗಾಡಿ ಇದ್ದವರಿಗೆ. ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸಿ ಆಗಿನ್ನೂ ಎರಡು ವರ್ಷವಾಗಿತ್ತಷ್ಟೆ. ಬಿಟ್ಟಿ ಖಾದಿ ತೊಟ್ಟು ವಾಪಸು ಬಂತು.

ನಮ್ಮ ನಾಡಿನ ಕಡೆ ನೋಡೋಣ. ಮೈಸೂರು ರಾಜ್ಯದಲ್ಲಿ ಈ ಯೋಜನೆ ಮೊದಲು ಬಂದದ್ದು ಸೊರಬ-ಶಿಕಾರಿಪುರ ಸೀಮೆಗೆ. ಪಕ್ಕದ ಸಾಗರ ತಾಲ್ಲೂಕಿನಲ್ಲಿ, ಅದರ ಹಿಂದಿನ ವರ್ಷ, 1951ರಲ್ಲಿ, ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಮಾಡಿ ಜೈಲಿಗೆ ಹೋಗಿದ್ದರು. ಗೇಣಿ ಅಳೆಯುವ ಕೊಳಗದ ಮೋಸದ ವಿರುದ್ಧ, ಉಳುವ ನೆಲದ ಹಕ್ಕಿಗಾಗಿ ಆ ಹೋರಾಟ. ಜನ ಕೇಳಿದ್ದು ನೆಲ. ಸರ್ಕಾರ ಕಳಿಸಿದ್ದು ಜೀಪು.

ಮಂಡ್ಯದ ಕಡೆಯ ಸಾಕ್ಷಿ ಇನ್ನೂ ಸ್ಪಷ್ಟವಾಗಿದೆ. ಸರ್ಕಾರದ ದುಡ್ಡಿನಲ್ಲಿ ಕನ್ನಂಬಾಡಿ ಕಟ್ಟೆಯಾಯಿತು, ನಾಲೆ ಹರಿಯಿತು, ಒಣಭೂಮಿ ಕಬ್ಬಿನ ಗದ್ದೆಯಾಯಿತು. 1950ರ ದಶಕದಲ್ಲಿ ಅಲ್ಲಿನ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿದ ಸ್ಕಾರ್ಲೆಟ್ ಎಪ್ಸ್ಟೀನ್, 1962ರಲ್ಲಿ ಪುಸ್ತಕ ಬರೆದರು. ನೀರಾವರಿಯಾದ ಹಳ್ಳಿಯಲ್ಲಿ ಒಕ್ಕಲಿಗರ ಕೈಗೆ ದುಡ್ಡು ಬಂತು. ಆದರೆ ಅವರಿಗೂ ಆದಿಕರ್ನಾಟಕರಿಗೂ ಇದ್ದ ವಂಶಪಾರಂಪರ್ಯದ ಒಡೆಯ-ಆಳಿನ ಸಂಬಂಧ ಕದಲಲಿಲ್ಲ. ನಾಲೆಯ ನೀರಿಗೆ ಜಾತಿ ಇಲ್ಲ. ಅದು ಹರಿಯುವ ಗದ್ದೆಯ ಪಹಣಿಗೆ ಜಾತಿ ಇದೆ.

1957ರಲ್ಲಿ ಬಲವಂತರಾಯ್ ಮೆಹ್ತಾ ಸಮಿತಿ, ಯೋಜನೆಯಲ್ಲಿ ಜನರ ಪಾಲುಗಾರಿಕೆ ಸಾಲದು, ಅಧಿಕಾರವನ್ನು ಚುನಾಯಿತ ಸಂಸ್ಥೆಗಳಿಗೆ ಕೊಡಿ ಅಂತು. ಪಂಚಾಯಿತಿಗಳು ಬಂದವು. ಆದರೆ ಖುರ್ಚಿ ಮೇಲೆ ಯಾರು ಕೂತರು? ಹೆಚ್ಚಿನ ಕಡೆ ಅದೇ ಗೌಡ, ಅದೇ ಪಟೇಲ. ಕರ್ನಾಟಕದ 1983ರ ಕಾಯ್ದೆ, ನಜೀರ್ ಸಾಬರ ಶ್ರಮದಿಂದ 1987ರಲ್ಲಿ ಬಂದ ಮಂಡಲ ಪಂಚಾಯಿತಿ, ಮೀಸಲು ಸ್ಥಾನಗಳು, ಇವುಗಳಿಂದ ಕೇರಿಯವರು ಸಭೆಯೊಳಗೆ ಕೂತದ್ದು ನಿಜ. ಅದು ಸಣ್ಣ ಗೆಲುವಲ್ಲ. ಆದರೆ ಕೂತವರ ಕೈಗೆ ಲೆಕ್ಕದ ಪುಸ್ತಕ ಸಿಕ್ಕಿತೇ ಎಂಬುದು ಬೇರೆ ಪ್ರಶ್ನೆ.

ದುಡ್ಡಿನ ಮೇಲೆ ಕೇರಿಯ ಹೆಸರು ಬರೆಯಲು ಸರ್ಕಾರಕ್ಕೆ 27 ವರ್ಷ ಬೇಕಾಯಿತು. 1979ರಲ್ಲಿ ವಿಶೇಷ ಘಟಕ ಯೋಜನೆ ಬಂತು. ಪರಿಶಿಷ್ಟ ಜಾತಿಯವರ ಜನಸಂಖ್ಯೆ ಎಷ್ಟೋ ಯೋಜನಾ ಹಣದಲ್ಲಿ ಅಷ್ಟು ಪಾಲು ಎಂಬುದು ಅದರ ನಿಯಮ. ನಿಯಮ ಕಾಗದದಲ್ಲಿತ್ತು, ಕಾನೂನಿನ ಬಲ ಇರಲಿಲ್ಲ. ಕರ್ನಾಟಕದಲ್ಲಿ 2013ರಲ್ಲಿ ಕಾನೂನೇ ಆಯಿತು. ಪರಿಶಿಷ್ಟ ಜಾತಿ, ಪಂಗಡ ಎರಡೂ ಸೇರಿ ಶೇ. 24.1ರ ಪಾಲು. ಆದರೆ ಅದೇ ಕಾನೂನಿನೊಳಗೆ 7(ಡಿ) ಅನ್ನುವ ಕಂಡಿ ಇಟ್ಟರು. ಎಲ್ಲರೂ ಬಳಸುವ ರಸ್ತೆ, ಸೇತುವೆಯಂಥ ಕಾಮಗಾರಿಯಲ್ಲೂ ಒಂದು ಪಾಲನ್ನು ದಲಿತರಿಗೆ ಖರ್ಚಾಯಿತೆಂದು ಲೆಕ್ಕ ತೋರಿಸಬಹುದು. ಅಂದರೆ ಮತ್ತೆ ಅದೇ 'ಗ್ರಾಮ', ಅದೇ 'ಎಲ್ಲರೂ'. ದಲಿತ ಸಂಘಟನೆಗಳು ಬಿಡದೆ ಕೇಳಿದ ಮೇಲೆ 2023ರಲ್ಲಿ ಆ ಕಂಡಿ ಮುಚ್ಚಿತು. ಅದೇ ವರ್ಷದ ಬಜೆಟ್ಟಿನಲ್ಲಿ ಈ ಬಾಬ್ತಿನ ಸುಮಾರು 34 ಸಾವಿರ ಕೋಟಿಯಲ್ಲಿ 11 ಸಾವಿರ ಕೋಟಿಗೂ ಮಿಕ್ಕಿ ಗ್ಯಾರಂಟಿ ಯೋಜನೆಗಳಿಗೆ ಹೋಯಿತು. ಗ್ಯಾರಂಟಿ ಪಡೆಯುವವರಲ್ಲಿ ದಲಿತರೂ ಇದ್ದಾರಲ್ಲ ಎಂಬುದು ಸರ್ಕಾರದ ಸಮಜಾಯಿಷಿ. ಇದ್ದಾರೆ, ಸರಿ. ಎಲ್ಲರಿಗೂ ಕೊಡುವುದನ್ನು ಎಲ್ಲರ ದುಡ್ಡಿನಿಂದ ಕೊಡಲಿ. ದಲಿತರಿಗೆ ಮಾತ್ರ ಅವರ ಪಾಲಿನ ಗಂಟಿನಿಂದಲೇ ತೆಗೆದು ಕೊಡುವುದು ಯಾವ ನ್ಯಾಯ?

ಈ ಎಪ್ಪತ್ತು ವರ್ಷಗಳ ಕತೆ ಒಂದು ಪಾಠ ಹೇಳುತ್ತದೆ. ಹೆಸರು ಹೇಳದೆ ಕೊಟ್ಟ ದುಡ್ಡು ಬಲವಿದ್ದವನ ಅಂಗಳದಲ್ಲಿ ನಿಲ್ಲುತ್ತದೆ. ಹೆಸರು ಹೇಳಿ ಕೊಟ್ಟ ದುಡ್ಡೂ ಕಾವಲಿಲ್ಲದಿದ್ದರೆ ಅಲ್ಲಿಗೇ ಹರಿಯುತ್ತದೆ. ಆ ಕಾವಲು ನಾವೇ ಕಾಯಬೇಕು. ಹಳ್ಳಿಯ ಮೇಷ್ಟ್ರುಗಳು, ಓದುವ ಹುಡುಗ ಹುಡುಗಿಯರು ಗ್ರಾಮಸಭೆಗೆ ಹೋಗಿ ಎದ್ದು ನಿಂತು ಕೇಳಬೇಕು: ಈ ವರ್ಷ ಬಂದದ್ದೆಷ್ಟು, ಕೇರಿಯೊಳಗೆ ಖರ್ಚಾದದ್ದೆಷ್ಟು? ಬಾಯಲ್ಲಿ ಹೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಕೊಟ್ಟು ಬರವಣಿಗೆಯಲ್ಲಿ ಪಡೆಯಬೇಕು. ಬಂದ ಉತ್ತರವನ್ನು ಕೇರಿಯ ಜನರ ಮುಂದೆ ಜೋರಾಗಿ ಓದಬೇಕು.

ಚರಂಡಿ, ಸಿಮೆಂಟು ರಸ್ತೆ, ಬೀದಿ ದೀಪ ಬೇಕು, ಬೇಡ ಅನ್ನುವುದಿಲ್ಲ. ಆದರೆ 1947ರ ಆ ಬೇಡಿಕೆ ಚರಂಡಿಯದಾಗಿರಲಿಲ್ಲ. ಅದು ಭೂಮಿಯದಾಗಿತ್ತು. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.